ಮೂಲೆ ಕಿಟಕಿಯ ಪರದೆ

ಹಗ್ಗ ಎಳೆದದ್ದು ಆಫ್ಕೆಯ ಕೈ. ಯೋಚನೆ ಬಂದದ್ದು ಆಮೇಲೆ. ಬಾವುಟ ಅರ್ಧ ಕಂಬಕ್ಕೆ ಇಳಿದು ನಿಂತಾಗ ಅವಳು ಮತ್ತೊಮ್ಮೆ ಕಾಲುವೆಯಾಚೆ ನೋಡಿದಳು. ಹಳೆಯ ನೌಕಾ ಆಸ್ಪತ್ರೆಯ ನೆಲಮಹಡಿಯ ಮೂಲೆ ಕಿಟಕಿಗೆ ಬೂದು ಪರದೆ ಬಿದ್ದಿತ್ತು. ಬಿಸಿಲೇರಿದ ಮೇಲೆ ಈ ಬಂದರು ಊರು ಡೆನ್ ಹೆಲ್ಡರಿನಲ್ಲಿ ಯಾರೂ ಪರದೆ ಎಳೆದುಕೊಂಡು ಕೂರುವುದಿಲ್ಲ.

ಆಸ್ಪತ್ರೆಯಿದ್ದಾಗ ಆ ಕಿಟಕಿಯ ಕೋಣೆಗೆ ನೇರ ನೀರಿಗಿಳಿಯುವ ಬಾಗಿಲಿತ್ತು. ನಾವಿಕನೊಬ್ಬ ತೀರಿಕೊಂಡರೆ ದೇಹವನ್ನು ಅಲ್ಲಿ ಮಲಗಿಸಿ, ದೋಣಿ ಬರುವವರೆಗೆ ದಾದಿ ಪರದೆ ಎಳೆದಿಡುತ್ತಿದ್ದಳು. ಈ ದಡದ ಸೇತುವೆ ಮನೆಯವರು ಅದನ್ನು ಕಂಡು ಬಾವುಟ ಇಳಿಸಬೇಕು; ಬಾವುಟ ಕಂಡ ದೋಣಿಯವರು ಎಂಜಿನ್ ತಗ್ಗಿಸಿ, ಹಾರ್ನ್ ಮಾಡದೆ ಹಾದುಹೋಗಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ. ದೋಣಿಗಳಿಗೆ ದಾರಿ ಬಿಡಲು ಸೇತುವೆ ಎತ್ತುವ ಕೆಲಸದ ಜೊತೆಗೆ ಅದು ಆಫ್ಕೆಯ ತಂದೆಗೆ ಬಂತು, ಆಮೇಲೆ ಅಣ್ಣನಿಗೆ, ಕೊನೆಗೆ ಅವಳಿಗೆ.

ಅಜ್ಜನ ಕಾಲದಲ್ಲಿ ಪೂರ್ವದ ದ್ವೀಪಗಳಿಂದ ಬಂದ ಜ್ವರದವರು, ಕಾಲು ಊದಿದವರು ಆ ಕಟ್ಟಡದಲ್ಲಿ ಮಲಗಿದ್ದರಂತೆ. ಯುದ್ಧ ಬಂದಾಗ ಜರ್ಮನ್ನರು ತಮ್ಮವರನ್ನು ಮಲಗಿಸಿದರು. ಆಗ ಬಾವುಟ ಹಾರಿಸುವಂತಿರಲಿಲ್ಲ. ಪರದೆ ಬಿದ್ದ ದಿನ ತಂದೆ ಟೊಪ್ಪಿ ತೆಗೆದು ಸೇತುವೆ ಎತ್ತಿದರು. ಶತ್ರುವಿಗೆ ಟೊಪ್ಪಿ ತೆಗೆದನೆಂದು ಬೀದಿಯವರು ಅವರೊಂದಿಗೆ ಮಾತು ಬಿಟ್ಟರು. ಬಹಳ ವರ್ಷಗಳ ನಂತರ ನೌಕಾಪಡೆ ಆಸ್ಪತ್ರೆಯನ್ನು ಮುಚ್ಚಿತು. ಆಶ್ರಯ ಕೇಳಿ ಬಂದ ಪರದೇಶದವರು ಸ್ವಲ್ಪ ಕಾಲ ಇದ್ದು, ಮೂಲೆ ಕಿಟಕಿಯಲ್ಲಿ ಮಕ್ಕಳ ಬಟ್ಟೆ ಒಣಗಿಸಿದರು. ಆಮೇಲೆ ಹಲಗೆ ಹೊಡೆದು ಮುಚ್ಚಿದ ಕಿಟಕಿಗಳು, ಪಾರಿವಾಳಗಳು. ಈ ಬೇಸಿಗೆಯಲ್ಲಿ ಅದು ಫ್ಲಾಟುಗಳಾಯಿತು. ಸೇತುವೆಯನ್ನು ಈಗ ಎಲ್ಲೋ ದೂರದಲ್ಲಿ ಕೂತವರು ಕ್ಯಾಮೆರಾ ನೋಡಿ ಎತ್ತುತ್ತಾರೆ. ಆಫ್ಕೆಗೆ ಉಳಿದದ್ದು ಮನೆ ಮತ್ತು ಬಾವುಟ. ಸಂಜೆ ಇಳಿಸಬೇಕಾದ ಅದನ್ನೂ ಮಂಡಿನೋವು ಬಂದ ಮೇಲೆ ಅವಳು ರಾತ್ರಿಯೆಲ್ಲ ಹಾಗೇ ಬಿಡುತ್ತಿದ್ದಳು.

ಒಂದು ಪರದೆ ಬಿದ್ದಷ್ಟಕ್ಕೇ ಅವಳು ಗಾಬರಿಯಾಗುತ್ತಿರಲಿಲ್ಲ. ಆದರೆ ಹೋದ ಚಳಿಗಾಲ ಹಿಂದಿನ ಬೀದಿಯ ತ್ರೈನ್ ತನ್ನ ಕಿಟಕಿಯ ಬಳಿ ಕುರ್ಚಿಯಲ್ಲೇ ಸತ್ತಿದ್ದಳು. ಪರದೆ ತೆರೆದಿತ್ತು, ದೀಪ ಉರಿಯುತ್ತಿತ್ತು. ಸತ್ತದ್ದು ತಿಳಿಯದೆ ಓಡಾಡುವವರು ದಿನವೂ ಅವಳಿಗೆ ತಲೆಯಾಡಿಸಿ ಹೋಗುತ್ತಿದ್ದರು. ಆಫ್ಕೆಯೂ ಕೈಬೀಸಿದ್ದಳು. ಅಂದಿನಿಂದ ಅವಳು ತನ್ನ ಕುರ್ಚಿಯನ್ನು ಕಿಟಕಿಯಿಂದ ಒಳಕ್ಕೆ ಸರಿಸಿದ್ದಳು.

ಮರಳು ಹೊತ್ತ ದೋಣಿಯೊಂದು ಬಂತು. ನಡೆಸುತ್ತಿದ್ದ ಮುದುಕ ಬಾವುಟ ನೋಡಿ ಎಂಜಿನ್ ತಗ್ಗಿಸಿದ. ಅದನ್ನು ಕೇಳಿದ ಮೇಲೆ ಆಫ್ಕೆಗೆ ಸುಮ್ಮನಿರಲಾಗಲಿಲ್ಲ. ಸೇತುವೆ ದಾಟಿ ಹೋಗಿ ಆ ಫ್ಲಾಟಿನ ಗಂಟೆ ಒತ್ತಿದಳು, ಬೆರಳು ತೆಗೆಯಲಿಲ್ಲ.

ಬಾಗಿಲು ತೆರೆದವನು ಚಡ್ಡಿಯಲ್ಲಿದ್ದ. ಹುಬ್ಬಿನಲ್ಲಿ ಮೈದಾಹಿಟ್ಟು.

"ಬೆಂಕಿ ಬಿತ್ತಾ?"

"ಇಲ್ಲ. ನೀನು ಬದುಕಿದ್ದೀಯಲ್ಲ, ಸಾಕು."

"ಇಷ್ಟೊತ್ತೂ ಬದುಕಿದ್ದೆ. ರಾತ್ರಿಯೆಲ್ಲ ಬ್ರೆಡ್ ಬೇಯಿಸಿ ಬಂದು ಈಗ ತಾನೆ ಕಣ್ಣು ಮುಚ್ಚಿದ್ದೆ, ಅಜ್ಜಿ." ಅವನ ಹೆಸರು ವೀಬ್ರೆನ್. ಬಂದು ಒಂದು ವಾರವಾಗಿತ್ತು. ಪರದೆ ಕಟ್ಟಿದ್ದು ನಿನ್ನೆ.

ಅವಳು ಬಾವುಟದತ್ತ ಕೈ ತೋರಿಸಿ ಎಲ್ಲವನ್ನೂ ಹೇಳಿದಳು. ಅವನು ಮಲಗುವ ಕೋಣೆಯತ್ತ ತಿರುಗಿ ನೋಡಿದ.

"ನನ್ನ ಮಂಚ ಹಾಕಿರೋ ಜಾಗದಲ್ಲಾ?"

"ನೀರಿನ ಕಡೆಯ ಬಾಗಿಲಿಗೆ ತಲೆಯಿಟ್ಟು ಮಲಗ್ತಿದ್ರೆ, ಹೌದು, ಅಲ್ಲೇ."

"ಮನೆ ತೋರಿಸಿದವನು ನೀರಿನ ನೋಟ ಚೆನ್ನಾಗಿದೆ ಅಂದ. ಇದನ್ನ ಹೇಳ್ಲೇ ಇಲ್ಲ ನೋಡಿ."

"ಹೇಳಿದ್ರೆ ಬಾಡಿಗೆ ಇಳಿಸ್ಬೇಕಾಗ್ತಿತ್ತು."

ಅವನು ನಕ್ಕು ಹೊಸ್ತಿಲ ಮೇಲೇ ಕೂತ. "ಪರದೆ ತೆಗೆಯೋಕಾಗಲ್ಲ ಅಜ್ಜಿ, ಬೆಳಕಿದ್ರೆ ನಿದ್ದೆ ಬರಲ್ಲ. ನೀವು ಬೇಕಾದ್ರೆ ದಿನಾ ಇಳಿಸಿ. ನನಗೇನು ನಷ್ಟ?"

"ದಿನಾ ಇಳಿಸಿದ್ರೆ ಯಾರಪ್ಪ ನೋಡ್ತಾರೆ?"

ಅವನು ಕಾಲುವೆಯಾಚೆಯ ಸೇತುವೆ ಮನೆಯನ್ನು ನೋಡಿದ. ಪರದೆಯಿಲ್ಲದ ಬೋಳು ಕಿಟಕಿ, ಒಳಗೊಂದು ಖಾಲಿ ಮೇಜು.

"ಆ ಮನೇಲಿ ಇನ್ನು ಯಾರಿದ್ದಾರೆ?"

"ನಾನೊಬ್ಬಳೇ."

"ಮತ್ತೆ ನಿಮಗೆ ಬಾವುಟ ಇಳಿಸೋರು ಯಾರು?"

ಕುತೂಹಲಕ್ಕೆ ಕೇಳಿದ್ದಷ್ಟೇ. ಆಫ್ಕೆ ಕೋಟಿನ ಗುಂಡಿ ಹಾಕಿಕೊಂಡಳು. "ಹೋಗಿ ಮಲಗು. ಹುಬ್ಬು ತೊಳ್ಕೊ," ಎಂದು ಮರಳಿ ನಡೆದಳು. ಬಾವುಟವನ್ನು ಮತ್ತೆ ತುದಿಗೇರಿಸಿ ಹಗ್ಗ ಕಟ್ಟಿದಳು.

ಅಂದು ಸಂಜೆ ಅವಳು ಬೀರುವಿನಿಂದ ತಾಯಿಯ ಕಾಲದ ಪರದೆಗಳನ್ನು ತೆಗೆದಳು. ತನ್ನ ಕಿಟಕಿಗೆ ಅವು ಬಿದ್ದದ್ದು ಯುದ್ಧಕಾಲದಲ್ಲಿ ಬೆಳಕು ಹೊರಬೀಳಬಾರದೆಂಬ ಆಜ್ಞೆಯಿದ್ದಾಗ ಮಾತ್ರ. ಮಡಿಕೆಯಲ್ಲಿ ಬಟ್ಟೆ ಬಿರಿದಿತ್ತು. ಕುರ್ಚಿ ಹತ್ತಿ ಕೊಕ್ಕೆಗೆ ಸಿಕ್ಕಿಸಿ, ಎರಡೂ ಅಂಚು ಸೇರುವಂತೆ ಎಳೆದಳು.

ಬೆಳಗ್ಗೆ ಕಾಫಿ ಮಾಡಿಕೊಂಡು, ಪರದೆ ಸರಿಸದೆ, ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದು ಕೂತಳು. ಸೇತುವೆಯ ಹಲಗೆಗಳ ಮೇಲೆ ಸೈಕಲ್ಲುಗಳು ಹೋದವು. ಸದ್ದಿನಲ್ಲೇ ಗೊತ್ತಾಗುತ್ತಿತ್ತು: ಶಾಲೆಯ ಮಕ್ಕಳು, ಹಡಗುಕಟ್ಟೆಯ ಕೆಲಸದವರು, ನಾಯಿ ಕರೆದುಕೊಂಡು ಹೋಗುವ ಯಾರೋ. ಯಾರೂ ನಿಲ್ಲಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು. ತಾನು ಮಾಡುತ್ತಿರುವುದು ಹುಡುಗಾಟ ಎನ್ನಿಸಿ ಎದ್ದು ಪರದೆಗೆ ಕೈ ಹಾಕಿದಳು.

ಆಗ ಇನ್ನೊಂದು ಸೈಕಲ್ ಸೇತುವೆ ಹತ್ತಿ, ದಾಟಿ, ಆಚೆ ದಡದಲ್ಲಿ, ಹಳೆಯ ಆಸ್ಪತ್ರೆಯ ಮುಂದೆ, ಬ್ರೇಕ್ ಹಾಕಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಮತ್ತೆ ಹಲಗೆಗಳು ಸದ್ದು ಮಾಡಿದವು, ಈ ಸಲ ಹತ್ತಿರಕ್ಕೆ. ಕಂಬಕ್ಕೆ ಹಗ್ಗ ತಗುಲಿ ಟಕಟಕ ಎಂದಿತು. ಅಭ್ಯಾಸವಿಲ್ಲದ ಕೈ, ತಡೆತಡೆದು ಇಳಿಸುತ್ತಿತ್ತು. ಕಾಲುವೆಯಲ್ಲಿ ಬರುತ್ತಿದ್ದ ದೋಣಿಯೊಂದರ ಎಂಜಿನ್ ಸದ್ದು ತಗ್ಗಿತು.

ಬಾಗಿಲ ಗಂಟೆ ಸದ್ದು ಮಾಡಿತು. ಆಫ್ಕೆ ಪರದೆಯ ಅಂಚು ಹಿಡಿದುಕೊಂಡೇ, ಅದು ಇನ್ನೊಮ್ಮೆ ಸದ್ದು ಮಾಡುವವರೆಗೆ ನಿಂತಿದ್ದಳು.