ಊಟದ ಮೇಜಿನ ಮೇಲಿನ ಕಾರು

ಆ ಬೀದಿಯ ಗಡಿಯಾರ ರಿಪೇರಿಯವನಿಗೆ ಜನ ಇಟ್ಟ ಹೆಸರು ಸೆಕೆಂಡ್ ಮುಳ್ಳು. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಸದಾ ಸುತ್ತುತ್ತಲೇ ಇರುವ ಆಸಾಮಿ. ಕೈಚಳಕ ಎಂಥದ್ದೆಂದರೆ, ನಲವತ್ತು ವರ್ಷ ಬಾವಿಯ ತಳದಲ್ಲಿ ಮಲಗಿದ್ದ ಕೈಗಡಿಯಾರವೂ ಅವನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹೆದರಿ ಟಿಕ್ ಟಿಕ್ ಎನ್ನತೊಡಗುತ್ತಿತ್ತು. ಊರಿನ ಹೊತ್ತನ್ನೆಲ್ಲ ಸರಿಮಾಡುತ್ತಿದ್ದ ಈ ಮಹಾಶಯ ಮಾತ್ರ ಹುಟ್ಟಿದಾಗಿನಿಂದ ಒಂದು ಕಡೆಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ತನ್ನ ಮದುವೆಗೇ ಎರಡು ಗಂಟೆ ತಡವಾಗಿ ಬಂದಿದ್ದ. ಆ ಎರಡು ಗಂಟೆಯನ್ನು ಹೆಂಡತಿ ಬಡ್ಡಿಸಮೇತ ನೆನಪಿಟ್ಟುಕೊಂಡಿದ್ದಳು.

ಹೆಂಡತಿ ಅಂಚೆ ಹಂಚುವವಳು, ಬೀದಿಯವರಿಗೆಲ್ಲ ಪೋಸ್ಟಮ್ಮ. ಒಟ್ಟು ಮೂವತ್ತೊಂದು ವರ್ಷದ ನೌಕರಿಯಲ್ಲಿ ಚೀಲ ಹೆಗಲಿಗೇರಿಸಿ ಅವಳು ನಡೆದ ದಾರಿಯನ್ನು ಹಗ್ಗದ ಹಾಗೆ ಹೊಸೆದಿದ್ದರೆ ಚಂದ್ರನಿಗೆ ಕುಣಿಕೆ ಹಾಕಿ ಅಂಗಳಕ್ಕೆ ಎಳೆದು ತರಬಹುದಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಕಾಲು ಬಾತು ಮನೆಗೆ ಬಂದವಳಿಗೆ ಗಂಡ ಹೇಳಿದ್ದ, "ನಿನ್ನನ್ನ ಆಫೀಸಿಂದ ಕಾರಲ್ಲಿ ಕರ್ಕೊಂಡು ಬರ್ತೀನಿ, ನೋಡ್ತಾ ಇರು." ಅವಳು ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ಮಂಡಿ ಸವೆದು, ನಿವೃತ್ತಿಗೆ ಎರಡೇ ವರ್ಷ ಉಳಿಯಿತು.

ಆಗ ಸಿಕ್ಕಿತು ಆ ಕಾರು. ಪೋಸ್ಟಮ್ಮನ ತಮ್ಮ ಗುಜರಿ ವ್ಯಾಪಾರಿ. ಅವನ ಅಂಗಳದ ಮೂಲೆಯಲ್ಲಿ, ಮುರಿದ ಮಂಚಗಳ ಕೆಳಗೆ, ನಾಲ್ಕು ಬಾಗಿಲಿನ ಗುಂಡುಬೆನ್ನಿನ ಹಳೇ ಕಾಲದ ಕಾರೊಂದು ಬಿದ್ದಿತ್ತು. ತುಕ್ಕು ಎಷ್ಟಿತ್ತೆಂದರೆ ಕಾರು ಎಲ್ಲಿ ಮುಗಿಯುತ್ತದೆ, ತುಕ್ಕು ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ಸರ್ವೇಯರನ್ನು ಕರೆಸಬೇಕಿತ್ತು.

"ಇದನ್ನ ನಂಗೆ ಕೊಡು" ಎಂದ ಸೆಕೆಂಡ್ ಮುಳ್ಳು.

"ಭಾವ, ಇದರೊಳಗೆ ಇರೋದು ಬರೀ ಇಲಿ. ಎಂಜಿನ್ ಅಲ್ಲ."

"ಕಾರು ಅಂದ್ರೆ ಏನಯ್ಯಾ? ದೊಡ್ಡ ಗಡಿಯಾರ. ಅದರಲ್ಲೂ ಹಲ್ಲುಚಕ್ರ, ಇದರಲ್ಲೂ ಹಲ್ಲುಚಕ್ರ. ಅದು ಟಿಕ್ ಟಿಕ್ ಅನ್ನುತ್ತೆ, ಇದು ಡರ್ ಡರ್ ಅನ್ನುತ್ತೆ. ಕಣ್ಣು ಮುಚ್ಕೊಂಡು ಜೋಡಿಸ್ತೀನಿ."

ಭಾವಮೈದುನ ನಕ್ಕು ನಕ್ಕು ಮಂಚದ ಮೇಲೆ ಕೂತ. ಮಂಚ ಮುರಿದಿದ್ದರಿಂದ ನೆಲದ ಮೇಲೆ ಕೂತ. "ಸರಿ ಭಾವ, ತಗೊಂಡು ಹೋಗಿ. ಆದ್ರೆ ಒಂದು ಮಾತು. ಅಕ್ಕನ ಕೊನೇ ದಿನ, ಸಾಯಂಕಾಲ ಐದಕ್ಕೆ, ಇದು ತಾನಾಗಿ ಓಡ್ಕೊಂಡು ಅವಳ ಆಫೀಸ್ ಬಾಗಿಲಿಗೆ ಬರಬೇಕು. ಇಲ್ದಿದ್ರೆ ನನ್ನ ಲಾರಿ ಬರುತ್ತೆ. ಎತ್ಕೊಂಡು ಹೋಗಿ ತಗಡು ಮಾಡ್ಬಿಡ್ತೀನಿ."

ಪೋಸ್ಟಮ್ಮ ಇದನ್ನು ಕೇಳಿ ಇನ್ನೊಂದು ಮಾತು ಸೇರಿಸಿದಳು. "ಐದು ಅಂದ್ರೆ ಐದು ಕಣ್ರೀ. ಒಂದು ನಿಮಿಷ ತಡ ಆದ್ರೂ ನಾನು ನಡ್ಕೊಂಡೇ ಬರ್ತೀನಿ. ಆಮೇಲೆ ಈ ಜನ್ಮದಲ್ಲಿ ನಿಮ್ಮ ಕಾರಿನ ಮಾತು ನನ್ನ ಹತ್ರ ಎತ್ತಬಾರದು."

ಸೆಕೆಂಡ್ ಮುಳ್ಳಿಗೆ ಲಾರಿಯ ಭಯ ಇರಲಿಲ್ಲ. ಹೆಂಡತಿ ಕೊನೆಯ ದಿನವೂ ಕುಂಟುತ್ತ ಬಂದು, ಏನೂ ಅನ್ನದೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಚಿತ್ರ ಕಣ್ಣಿಗೆ ಕಟ್ಟಿತು.

ಕೆಲಸ ಶುರುವಾಯಿತು. ಮನೆಯ ಮುಂದಿನ ಶೀಟಿನ ಚಪ್ಪರದಡಿ ಕಾರನ್ನು ಇಟ್ಟಿಗೆಗಳ ಮೇಲೆ ಕೂರಿಸಿದ. ಮರಳು ಕಾಗದ ಹಿಡಿದು ಉಜ್ಜಿದ ರಭಸಕ್ಕೆ ಎದ್ದ ಕೆಂಪು ಧೂಳು ಮೂರು ಬೀದಿಗಳ ಒಗೆದ ಬಟ್ಟೆಗಳನ್ನೆಲ್ಲ ಒಂದೇ ಬಣ್ಣ ಮಾಡಿತು. ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಕಾರಿನೊಳಗೆ ತಲೆ ಹಾಕಿದವನು ಭಾನುವಾರಕ್ಕೊಮ್ಮೆ ಹೊರಗೆ ಬರುತ್ತಿದ್ದ. ನೆಗ್ಗಿದ ಬಾಗಿಲುಗಳನ್ನು ಮರದ ಸುತ್ತಿಗೆಯಿಂದ ಒಳಗಿನಿಂದ ಎಷ್ಟು ನಯವಾಗಿ ತಟ್ಟಿ ಎತ್ತಿದನೆಂದರೆ, ಅವುಗಳ ಮೇಲೆ ಕೂರಲು ಬಂದ ನೊಣಗಳೆಲ್ಲ ಜಾರಿ ಬಿದ್ದು ಸೊಂಟ ಮುರಿದುಕೊಂಡವು.

ಮನೆ ಕಾರಾಯಿತು, ಕಾರು ಮನೆಯಾಯಿತು. ಗೇರ್‌ಬಾಕ್ಸ್ ಮಂಚದ ಕೆಳಗೆ. ಬಂಪರು ಬಚ್ಚಲಿನಲ್ಲಿ, ಅದರ ಮೇಲೆ ಟವೆಲು. ಬಣ್ಣ ಹೊಡೆದ ಬಾನೆಟ್ಟು ಮಲಗುವ ಕೋಣೆಯ ಗೋಡೆಗೆ. ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು ಪೋಸ್ಟಮ್ಮ ದಿನಾ ತಲೆ ಬಾಚಿಕೊಳ್ಳುತ್ತಿದ್ದಳು. ಕಾರಿಗೆ ಕೆಂಪು ಬಣ್ಣ, ಅಂಚೆಪೆಟ್ಟಿಗೆಯ ಕೆಂಪು. ಹರಿದವೆಂದು ಕಚೇರಿಯವರು ಎಸೆದ ಟಪಾಲು ಚೀಲಗಳ ಕ್ಯಾನ್ವಾಸನ್ನು ಒಗೆದು, ಒಣಗಿಸಿ, ಸೀಟುಗಳಿಗೆ ತಾನೇ ಹೊಲಿದ. ಹಿಂದಿನ ಸೀಟಿನೆದುರು ಹೆಂಡತಿಯ ಕಾಲಿಗೆಂದು ಹತ್ತಿ ತುಂಬಿದ ಹಲಗೆಯನ್ನು ಕೀಲು ಹಾಕಿ ಕೂರಿಸಿದ. ಎಳೆದರೆ ಬರಬೇಕು, ತಳ್ಳಿದರೆ ಮಡಚಿಕೊಳ್ಳಬೇಕು. ವೇಗ ತೋರಿಸುವ ಮೀಟರು ಸತ್ತಿತ್ತು. ಆ ತೂತಿಗೆ ಗಡಿಯಾರವೊಂದನ್ನು ಇಟ್ಟ. ಎಷ್ಟು ಜೋರಾಗಿ ಹೋಗುತ್ತಿದ್ದೇವೆ ಎಂಬುದು ಗೊತ್ತಾಗದಿದ್ದರೂ ಎಷ್ಟು ತಡವಾಗಿದೆ ಎಂಬುದು ಗೊತ್ತಾಗುತ್ತಿತ್ತು. ಹಾರ್ನಿನ ಬದಲು ಅಲಾರಂ ಗಂಟೆ.

ಕೊನೆಗೆ ಉಳಿದದ್ದು ಹಿಂದಿನ ಆಕ್ಸೆಲ್. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ತಟ್ಟೆಯಗಲದ ಹಲ್ಲುಚಕ್ರ, ಮೆಕ್ಯಾನಿಕ್ಕುಗಳು ಕ್ರೌನ್ ಎನ್ನುವುದು, ಅದರೊಳಗಿತ್ತು. ಇದನ್ನು ಊಟದ ಮೇಜಿನ ಮೇಲೆ ಬಿಚ್ಚಿದ. ಬಿಳಿ ಬಟ್ಟೆ ಹಾಸಿ, ಕೈಗಡಿಯಾರ ಬಿಚ್ಚುವಾಗ ಮಾಡುವಂತೆಯೇ ಎಡಗಡೆಯದನ್ನು ಎಡಕ್ಕೆ, ಬಲಗಡೆಯದನ್ನು ಬಲಕ್ಕೆ, ಸಾಲಾಗಿ ಇಟ್ಟ.

"ಊಟ ಎಲ್ಲಿ ಮಾಡೋಣ, ಆಕ್ಸೆಲ್ ಮೇಲಾ?" ಎಂದಳು ಪೋಸ್ಟಮ್ಮ.

"ಆ ತುದೀಲಿ ಜಾಗ ಇದೆಯಲ್ಲ. ಲೇ, ಒಂದೇ ಒಂದು ಸ್ಕ್ರೂ ಮುಟ್ಟಿದ್ರೆ ನೋಡು ಮತ್ತೆ! ಇಟ್ಟದ್ದು ಇಟ್ಟ ಹಾಗೆ ಇರಬೇಕು."

"ನಂಗೇನು ಹುಚ್ಚಾ ಮುಟ್ಟೋಕೆ?"

ಮರುದಿನ ಅಂಗಡಿ ಮುಚ್ಚಿ ಬಂದವನೇ ಅದೇ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಜೋಡಿಸಿದ. ಒಂದು ಸ್ಕ್ರೂವೂ ಮಿಗಲಿಲ್ಲ. ಕಾರು ಇನ್ನೂ ಇಟ್ಟಿಗೆಯ ಮೇಲೆ ಇರುವಾಗಲೇ ಎಂಜಿನ್ ಶುರುಮಾಡಿ, ಗೇರು ಹಾಕಿ, ಹೊರಗೆ ಓಡಿಬಂದು ನೋಡಿದ. ಹಿಂದಿನ ಚಕ್ರಗಳು ಗಿರ್ರನೆ ತಿರುಗುತ್ತಿದ್ದವು! ಖುಷಿಗೆ ಕುಣಿದಾಡಿದ. ಯಾವ ಕಡೆಗೆ ತಿರುಗುತ್ತಿವೆ ಎಂದು ನೋಡಲು ಕುಣಿಯುವವನಿಗೆ ಎಲ್ಲಿಯ ಪುರಸೊತ್ತು?

ಕೊನೆಯ ದಿನ ಬಂತು. ಎಂದಿನಂತೆ ಹೊತ್ತಾಗಿಯೇ ಇತ್ತು. ಕಾರು ಇಟ್ಟಿಗೆಯಿಂದ ಇಳಿದಾಗ ನಾಲ್ಕೂವರೆ. ಅಂಚೆ ಕಚೇರಿ ಒಂದೂವರೆ ಮೈಲಿ, ಅದೂ ಏರು. ಎದುರುಗಡೆ ಭಾವಮೈದುನ ಲಾರಿ ನಿಲ್ಲಿಸಿಕೊಂಡು, ಬಾಗಿಲಿಗೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದ.

ಸೆಕೆಂಡ್ ಮುಳ್ಳು ಇಸ್ತ್ರಿ ಅಂಗಿ ತೊಟ್ಟು, ಗತ್ತಿನಿಂದ ಕೂತು, ಗೇಟಿನ ಕಡೆ ನೋಡುತ್ತ ಒಂದನೇ ಗೇರು ಹಾಕಿದ. ಕಾರು ಹಿಂದಕ್ಕೆ ಹೋಗಿ ಎರಡು ಹೂಕುಂಡ ಒಡೆದು ಗೋಡೆಗೆ ಮುತ್ತಿಟ್ಟಿತು.

"ಭಾವ, ಆಫೀಸು ಈ ಕಡೆ!" ಎಂದು ಭಾವಮೈದುನ ಕೂಗಿದ.

ಗೇರು ತಪ್ಪಾಗಿರಬೇಕೆಂದು ಮತ್ತೆ ಹಾಕಿದ. ಮತ್ತೆ ಗೋಡೆ. ಎರಡನೆಯದೂ ಹಿಂದಕ್ಕೇ. ಕೊನೆಗೆ ಎದೆ ಗಟ್ಟಿಮಾಡಿಕೊಂಡು ರಿವರ್ಸ್ ಹಾಕಿದರೆ ಕಾರು ಕುಯ್ಯೋ ಎಂದು ನರಳುತ್ತ ಮುಂದಕ್ಕೆ ಹೊರಟಿತು. ಆಗ ಹೊಳೆಯಿತು. ಕ್ರೌನ್ ಎಡದಲ್ಲಿರಬೇಕಾದದ್ದು ಬಲದಲ್ಲಿ ಕೂತಿದೆ. ಮುಂದಕ್ಕೆ ಹೋಗುವ ಮೂರು ಗೇರೂ ಈಗ ಹಿಂದಕ್ಕೆ, ಹಿಂದಕ್ಕೆ ಹೋಗುವ ಒಂದೇ ಒಂದು ಗೇರು ಮುಂದಕ್ಕೆ. ಬಿಚ್ಚಿ ಸರಿಮಾಡಲು ಎರಡು ದಿನ ಬೇಕು. ಇರುವುದು ಇಪ್ಪತ್ತೈದು ನಿಮಿಷ. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಬಿಟ್ಟಿದ್ದರೂ ಕಾರು ಅದರೊಳಗೆ ಹಿಮ್ಮುಖವಾಗಿಯೇ ಇಳಿಯುತ್ತಿತ್ತು.

ಆ ಒಂದೇ ಗೇರಿನಲ್ಲಿ ಬೀದಿಗೆ ಬಂದ. ವೇಗ ಎಂಥದ್ದೆಂದರೆ, ಬಸವನಹುಳುವೊಂದು ಹಿಂದಿನಿಂದ ಬಂದು ದಾರಿ ಕೇಳಿ ಮುಂದೆ ಹೋಯಿತು. ನೂರು ಗಜ ಹೋಗುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ. ಗಡಿಯಾರ ನಾಲ್ಕು ಐವತ್ತೈದು ತೋರಿಸುತ್ತಿತ್ತು.

"ಲಾರಿ ಹತ್ತಿಸ್ಲಾ ಭಾವ? ಹಗ್ಗ ರೆಡಿ ಇದೆ!"

ಕುಂಟುತ್ತ ಬಂದು ಏನೂ ಅನ್ನದೆ ಚಪ್ಪಲಿ ಬಿಡುವ ಹೆಂಡತಿ ಮತ್ತೆ ಕಣ್ಣ ಮುಂದೆ ಬಂದಳು. ಸೆಕೆಂಡ್ ಮುಳ್ಳು ಹಲ್ಲು ಕಚ್ಚಿ ಸ್ಟೀರಿಂಗ್ ತಿರುಗಿಸಿ, ಕಾರಿನ ಬೆನ್ನನ್ನು ಅಂಚೆ ಕಚೇರಿಯ ಕಡೆಗೆ ಮಾಡಿದ. ಕತ್ತನ್ನು ಹಿಂದಕ್ಕೆ ತಿರುಗಿಸಿ, ಮೂರನೇ ಗೇರಿನವರೆಗೂ ಎಳೆದ.

ಕಾರು ಹಾರಿತು! ಏರು ಇಳಿಜಾರಾದಂತೆ ಓಡಿತು. ಅಲಾರಂ ಗಂಟೆ ಟ್ರಿಣ್ಣೆಂದು ಹೊಡೆದುಕೊಂಡದ್ದಕ್ಕೆ ಮಧ್ಯಾಹ್ನದ ನಿದ್ದೆಯಲ್ಲಿದ್ದವರೆಲ್ಲ ಎದ್ದು ಹಲ್ಲುಜ್ಜಿ ಕೆಲಸಕ್ಕೆ ಹೊರಟರು. ಚೌಕದ ಪೊಲೀಸಪ್ಪ ಸೀಟಿ ಊದಿ, ಯಾವ ಕೈ ಎತ್ತಬೇಕೋ ತಿಳಿಯದೆ ಎರಡನ್ನೂ ಎತ್ತಿದ.

"ಏ, ಹೋಗ್ತಿದ್ದೀಯೋ ಬರ್ತಿದ್ದೀಯೋ?"

"ಹೆಂಡತೀನ ಕರ್ಕೊಂಡು ಬರೋಕೆ ಹೋಗ್ತಿದ್ದೀನಿ ಸಾರ್!"

ಪೊಲೀಸಪ್ಪ ಅದನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಕಾರು ಮಾಯ.

ಅಂಚೆ ಕಚೇರಿಯ ಮೆಟ್ಟಿಲಿನ ಮುಂದೆ ಕಾರು ಕಿರ್ರೆಂದು ನಿಂತಾಗ ಗಡಿಯಾರದಲ್ಲಿ ಐದಕ್ಕೆ ಒಂದು ನಿಮಿಷ. ಅವನ ಬದುಕಿನಲ್ಲೇ ಮೊದಲ ಸಲ! ಪೋಸ್ಟಮ್ಮ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು ಆಗಷ್ಟೇ ಬಾಗಿಲಿಗೆ ಬಂದಿದ್ದಳು. ಒಮ್ಮೆ ಕಾರು ನೋಡಿದಳು, ಒಮ್ಮೆ ಗೋಡೆಯ ಗಡಿಯಾರ ನೋಡಿದಳು, ಅದು ಕೆಟ್ಟಿಲ್ಲ ತಾನೇ ಎಂದು ಒಳಗಿನವರನ್ನು ಕೇಳಿದಳು.

"ಯಾಕ್ರೀ ಹಿಂದೆಮುಂದಾಗಿ ಬಂದ್ರಿ?"

ಸೆಕೆಂಡ್ ಮುಳ್ಳಿನ ಬಾಯಿಂದ ಮೊದಲ ಬಾರಿಗೆ ಬಡಾಯಿ ಹೊರಡಲಿಲ್ಲ. "ಹಲ್ಲುಚಕ್ರ ಉಲ್ಟಾ ಕೂರಿಸಿಬಿಟ್ಟಿದ್ದೀನಿ ಕಣೇ. ಹೇಗಾಯ್ತೋ ಗೊತ್ತಿಲ್ಲ. ಎಡಕ್ಕಿದ್ದದ್ದು ಎಡಕ್ಕೇ ಹಾಕಿದೆ, ನಿನ್ನಾಣೆ."

ಪೋಸ್ಟಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ... ಸ್ಕ್ರೂ ಮುಟ್ಟಲಿಲ್ಲ ನಾನು. ನನ್ನ ತುದಿ ಕಿಟಕಿ ಕಡೆ ಬರಲಿ, ಬೆಳಕಲ್ಲಿ ಊಟ ಮಾಡೋಣ ಅಂತ ಮೇಜನ್ನೇ ತಿರುಗಿಸಿದೆ."

ಇಬ್ಬರೂ ನಕ್ಕ ನಗುವಿಗೆ ಕಚೇರಿಯೊಳಗಿನ ಅಂಚೆಚೀಟಿಗಳೆಲ್ಲ ಅಂಟು ಬಿಟ್ಟವು.

ಅಷ್ಟರಲ್ಲಿ ಲಾರಿ ಏದುಸಿರು ಬಿಡುತ್ತ ಬಂತು. "ಇದು ನಡೆಯಲ್ಲ ಭಾವ! ಹಿಂದಕ್ಕೆ ಬರೋದು ಲೆಕ್ಕಕ್ಕಿಲ್ಲ!"

"ಏ ತಮ್ಮ" ಎಂದಳು ಅಕ್ಕ, "ಓಡ್ಕೊಂಡು ಬರಬೇಕು ಅಂದೆ. ಮುಖ ಯಾವ ಕಡೆ ಇರಬೇಕು ಅಂದ್ಯಾ? ಐದಕ್ಕೆ ಮೊದಲು ಬಂದಿದ್ದಾರೆ. ಹಗ್ಗ ಸುತ್ತಿ ಒಳಗಿಡು."

ಪೋಸ್ಟಮ್ಮ ಹಿಂದಿನ ಸೀಟಿನಲ್ಲಿ ಕೂತು ಹಲಗೆ ಎಳೆದಳು. ಬಂತು. ಕಾಲು ಚಾಚಿದಳು. ಮೂವತ್ತೊಂದು ವರ್ಷದ ನೋವು ಹತ್ತಿಯೊಳಗೆ ಇಳಿದುಹೋದಂತಾಯಿತು.

"ವಾಪಸ್ಸು ನಿಧಾನಕ್ಕೆ ಮುಂದಕ್ಕೇ ಹೋಗೋಣ ಕಣೇ. ನಿನ್ನ ಬೀದಿ ಜನ ನೋಡಿ ನಗಬಾರದು" ಎಂದ ಗಂಡ.

"ಬೇಡ. ನೀವು ಬಂದ ಹಾಗೇ ಹೋಗಿ."

ಕಾರಿನ ಬೆನ್ನನ್ನು ಮನೆಯ ಕಡೆಗೆ ತಿರುಗಿಸಿ ಹೊರಟರು. ಮೂವತ್ತೊಂದು ವರ್ಷ ಪೋಸ್ಟಮ್ಮ ಆ ಬೀದಿಯಲ್ಲಿ ಮುಂದಿನ ಬಾಗಿಲನ್ನೇ ನೋಡುತ್ತ ನಡೆದವಳು. ಕಾಗದ ಕೊಟ್ಟ ಬಾಗಿಲಲ್ಲಿ ಆಮೇಲೆ ಏನಾಯಿತು ಎಂದು ತಿರುಗಿ ನೋಡಲು ಹೊತ್ತಿರಲಿಲ್ಲ. ಇವತ್ತು ದಾಟಿದ ಪ್ರತಿ ಬಾಗಿಲೂ ಕಣ್ಣೆದುರಿಗೇ ಉಳಿಯಿತು. ಅಲಾರಂ ಕೇಳಿ ಜನ ಹೊರಗೆ ಬಂದರು. ದರ್ಜಿಯಮ್ಮ ಟೇಪು ಬೀಸಿದಳು. ಪತ್ರ ಬರದಿದ್ದರೆ ದಿನಾ ಬೈಯುತ್ತಿದ್ದ ಮೇಷ್ಟ್ರು ಟೋಪಿ ತೆಗೆದು ನಿಂತರು, ತಿರುವು ಬರುವವರೆಗೂ ನಿಂತೇ ಇದ್ದರು.

"ತಲೆ ಸ್ವಲ್ಪ ಪಕ್ಕಕ್ಕಿಟ್ಕೊಳ್ಳೇ, ದಾರಿ ಕಾಣ್ತಿಲ್ಲ" ಎಂದ ಗಂಡ, ಕತ್ತು ತಿರುಗಿಸಿಕೊಂಡೇ.

"ಇಷ್ಟು ವರ್ಷ ಭೂತಗನ್ನಡೀಲಿ ಮುಳ್ಳು ನೋಡ್ತಾ ಮಾತಾಡ್ತಿದ್ರಿ. ಒಂದೂವರೆ ಮೈಲಿ ನನ್ನ ಮುಖ ನೋಡ್ಕೊಂಡು ಬರ್ತಿರೋದು ಇದೇ ಮೊದಲು. ನೋಡಿ, ಪರವಾಗಿಲ್ಲ."

ಅವನ ಕಿವಿ ಕಾರಿಗಿಂತ ಕೆಂಪಾಯಿತು. ಲಾರಿ ಸೋತ ಮುಖ ಹಾಕಿಕೊಂಡು ಅವಳ ಕಣ್ಣೆದುರೇ ಬರುತ್ತಿತ್ತು. ಪೋಸ್ಟಮ್ಮ ಅದಕ್ಕೂ ಕೈ ಬೀಸಿದಳು. ತಮ್ಮ ತಡೆಯಲಾರದೆ ನಕ್ಕು ಹಾರ್ನ್ ಹೊಡೆದ.

ಅವತ್ತು ತಿರುಗಿದ ಕತ್ತು ನೆಟ್ಟಗಾಗಲು ಮೂರು ದಿನ ಬೇಕಾಯಿತು. ಅಷ್ಟೂ ದಿನ ಸೆಕೆಂಡ್ ಮುಳ್ಳು ತಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಉಂಡ. ಆದರೆ ಅದು ಆಮೇಲಿನ ಮಾತು. ಗೇಟಿನೊಳಗೆ ಕಾರು ನಿಂತ ಕೂಡಲೇ ಅವನು ತೋಳು ಮಡಿಸಿ, ಸ್ಪ್ಯಾನರ್ ಹುಡುಕತೊಡಗಿದ. "ಎರಡೇ ದಿನ ಕಣೇ. ಬಿಚ್ಚಿ ಸರಿಮಾಡಿ ಬಿಡ್ತೀನಿ. ಮೇಜು ಖಾಲಿ ಇದೆಯಾ?"

ಪೋಸ್ಟಮ್ಮ ಕಾಲು ಹಲಗೆಯ ಮೇಲಿಂದ ಕೆಳಗಿಳಿಸಲೇ ಇಲ್ಲ.

"ಮೇಜು ಊಟಕ್ಕೆ ಬೇಕು. ಕಾರನ್ನ ಹಾಗೇ ಬಿಡಿ. ನಂದು ಇನ್ನೂ ಆರು ಬೀದಿ ನೋಡೋದು ಬಾಕಿ ಇದೆ. ನಾಳೆ ಹತ್ತಕ್ಕೆ ಹೊರಡೋಣ." ಒಂದು ಗಳಿಗೆ ಯೋಚಿಸಿ ಸೇರಿಸಿದಳು, "ನಿಮಗೆ ಒಂಬತ್ತು ಅಂತ ಹೇಳಿರ್ತೀನಿ."