ಕಹಿ ಇಳಿದ ನೆಲಬೇವು

ಮಕ್ತಲ್‌ನ ಬೀರಲಿಂಗಪ್ಪ ಚಳಿಜ್ವರಕ್ಕೆ ನೆಲಬೇವಿನ ಕಷಾಯ ಕೊಡುತ್ತಿದ್ದ. ನಿಜಾಮರ ಕಾಲದಲ್ಲಿ ಶೇರವಾನಿ ತೊಟ್ಟು ಹಕೀಮನೆನಿಸಿಕೊಂಡವನು, ಭಾರತದ ಸೇನೆ ಬಂದು ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ವಾರದಲ್ಲೇ ಖಾದಿ ಟೋಪಿ ಇಟ್ಟು ವೈದ್ಯನಾದ. ರೋಗಿಗಳು ಅವರೇ, ಕಷಾಯವೂ ಅದೇ.

ಗಿಡದ ಗುಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಿಡ ಬೆಳೆದಂತೆ ಎಲೆಯಲ್ಲಿ ಕಹಿಸಾರ ಏರುತ್ತದೆ, ಮೊಗ್ಗು ಬಿಡುವಾಗ ತುಂಬಿರುತ್ತದೆ. ಬೀಜ ಕಟ್ಟಿತೆಂದರೆ ಇಳಿಯತೊಡಗುತ್ತದೆ. ಆದರೆ ಆ ವರ್ಷ ಮೊಗ್ಗಿನ ಕಾಲದಲ್ಲಿ ಅವನಿಗೆ ಹೊಲದ ಕಡೆ ಹೋಗಲು ಪುರಸೊತ್ತಿರಲಿಲ್ಲ. ಮಿಲಿಟರಿಯವರಿಗೆ ಹಾರ ಹಾಕಬೇಕಿತ್ತು. ತಾನು ಮೊದಲಿನಿಂದಲೂ ಒಳಗೊಳಗೇ ನಿಜಾಮರ ವಿರೋಧಿ ಎಂದು ಸಭೆ ಸಭೆಯಲ್ಲೂ ಹೇಳಿಕೊಳ್ಳಬೇಕಿತ್ತು.

“ಗಿಡ ಮೊಗ್ಗಿಗೆ ಬಂದಾವು, ಕೊಯ್ಕೊಂಡು ಬರ್ರಿ,” ಎಂದಳು ಹೆಂಡತಿ ಮೈಲಮ್ಮ.

“ದೇಶ ಕಟ್ಟೋ ಹೊತ್ತಿನಾಗ ಗಿಡದ ಮಾತು ಆಡಬ್ಯಾಡ.”

ದೇಶ ಕಟ್ಟಿ ಮುಗಿಸಿ ಅವನು ಕುಡುಗೋಲು ಹಿಡಿದು ಹೋದಾಗ ಗಿಡಗಳು ಬೀಜ ಉದುರಿಸಿ ಒಣಗಿ ನಿಂತಿದ್ದವು. ಅದನ್ನೇ ಕುದಿಸಿದ. ರುಚಿ ನೋಡಿದರೆ ಹುಲ್ಲಿನ ನೀರು. ಕಹಿಯಿಲ್ಲದ ಔಷಧಿಯನ್ನು ಊರು ನಂಬುವುದಿಲ್ಲವೆಂದು ಒಂದಿಷ್ಟು ಬೇವಿನ ಸೊಪ್ಪು ಹಾಕಿದ.

ಅದನ್ನು ಕುಡಿದವರಲ್ಲಿ ನೇಕಾರ ಪೆದ್ದಯ್ಯನೂ ಒಬ್ಬ. ಕೆಲವು ದಿನ ಕುಡಿದು, ಕಂಬಳಿ ಹೊದ್ದುಕೊಂಡು ಬಂದ.

“ಹಕೀಮ್ ಸಾಬ್, ಜ್ವರ ಇಳೀವಲ್ದು.”

“ವೈದ್ಯರ ಅನ್ನು.”

“ವೈದ್ಯರ, ಜ್ವರ ಇಳೀವಲ್ದು ರೀ.”

“ಹಳೇ ಸರ್ಕಾರದ ಜ್ವರ ಅದು. ನಿಧಾನಕ್ಕ ಹೋಗತೈತಿ,” ಎಂದು ಬೀರಲಿಂಗಪ್ಪ ಇನ್ನೊಂದು ಲೋಟ ಕೊಟ್ಟು ಕಳಿಸಿದ.

ಮರುವಾರ ಅವನಿಗೇ ಚಳಿ ಹಿಡಿಯಿತು. ಮೈಲಮ್ಮ ಅದೇ ಮಡಕೆಯಿಂದ ಕಷಾಯ ಬಗ್ಗಿಸಿ ತಂದಳು. ಅವನು ಮುಖ ತಿರುಗಿಸಿದ.

“ಯಾಕ್ರೀ, ಊರಿಗೆಲ್ಲ ಕುಡಿಸೀರಿ.”

ಬೀರಲಿಂಗಪ್ಪ ಎದ್ದು, ಊರಾಚೆ ಹಾಕಿದ್ದ ಮಿಲಿಟರಿ ಡಾಕ್ಟರರ ಡೇರೆಗೆ ಹೋದ. ಅಲ್ಲಿ ಕ್ವಿನೈನ್ ಗುಳಿಗೆಗಾಗಿ ನಿಂತವರಲ್ಲಿ ಬಹಳಷ್ಟು ಜನ ಅವನ ರೋಗಿಗಳೇ. ಪೆದ್ದಯ್ಯ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

“ನೀವೂ ನಿಮ್ಮ ಕಷಾಯ ಕುಡಿದ್ರೇನ್ರಿ?”

“ನಿಮ್ಮನ್ನೆಲ್ಲ ನೋಡಾಕ ಬಂದೀನಿ,” ಎಂದ ಬೀರಲಿಂಗಪ್ಪ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಆ ಮಾತು ಮುಗಿಯಲು ಹೊತ್ತು ಹಿಡಿಯಿತು. ಯಾರೂ ನಗಲಿಲ್ಲ; ನಗುವಷ್ಟು ತ್ರಾಣ ಯಾರಿಗೂ ಇರಲಿಲ್ಲ.

ಗುಳಿಗೆ ನುಂಗಿ ಅವನು ಚೇತರಿಸಿಕೊಂಡ. ಮೈಲಮ್ಮ ಉಳಿದ ಕಷಾಯವನ್ನು ತಿಪ್ಪೆಗೆ ಸುರಿದಳು. ಮುಂದಿನ ಮಳೆಗಾಲ ಕಳೆದು ಮೊಗ್ಗು ಮೂಡಿದಾಗ ಗಂಡನನ್ನು ಕೇಳದೆ ತಾನೇ ಹೋಗಿ ಕೊಯ್ದು ನೆರಳಲ್ಲಿ ಒಣಗಿಸಿದಳು. ಜ್ವರ ಬಂದವರು ಹಿತ್ತಲ ಬಾಗಿಲಿಗೆ ಬಂದು ಅವಳನ್ನು ಕರೆಯತೊಡಗಿದರು. ಬೀರಲಿಂಗಪ್ಪ ಮುಂಬಾಗಿಲ ಕಟ್ಟೆಯ ಮೇಲೆ ಕುಳಿತು, ಹಿಂದಿನ ಸರ್ಕಾರದಲ್ಲಿ ತಾನು ಪಟ್ಟ ಕಷ್ಟಗಳನ್ನು ದಾರಿಹೋಕರಿಗೆ ಹೇಳುತ್ತಿದ್ದ.