ಸೌಟಣ್ಣನ ಐದು ಗಂಟೆಯ ನೆಲ

ಹಡಗಿನಿಂದ ಬಂದ ಲಾಂಚು ದೋಣಿ ಬಂದರಿನ ಕಟ್ಟೆಗೆ ತಾಗಿದಾಗ ಬೆಳಿಗ್ಗೆ ಹತ್ತು ಗಂಟೆ. ಹಡಗಿನ ಅಡುಗೆಯವನು ಎಲ್ಲರಿಗಿಂತ ಮೊದಲು ಹಾರಿ ಇಳಿದ. ಇಳಿದ ಕಾಲು ನೆಟ್ಟಗೆ ನಿಲ್ಲಲಿಲ್ಲ. ಏಳು ತಿಂಗಳು ತೂಗುವ ನೆಲದ ಮೇಲೆ ಅಡುಗೆ ಮಾಡಿದವನಿಗೆ ತೂಗದ ನೆಲದ ಮೇಲೆ ನಂಬಿಕೆ ಬರುವುದು ಸುಲಭವಲ್ಲ. ಬೆಳಬೆಳಿಗ್ಗೆಯೇ ಕುಡಿದು ಬಂದವನ ಹಾಗೆ ಅತ್ತ ವಾಲಿ, ಇತ್ತ ವಾಲಿ, ಕಟ್ಟೆಯುದ್ದಕ್ಕೂ ನಡೆದ. ಹಡಗಿನಲ್ಲಿ ಅವನನ್ನು ಸೌಟಣ್ಣ ಎಂದೇ ಕರೆಯುತ್ತಿದ್ದರು. ಮೂರು ಗಂಟೆಗೆ ಲಾಂಚು ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ ಎಂದು ಹಡಗಿನ ಬಡಗಿ ಹಿಂದಿನಿಂದ ಕೂಗಿ ನೆನಪಿಸಿದ.

ನೆನಪಿಸಬೇಕಾದ ಅಗತ್ಯವೇನೂ ಇರಲಿಲ್ಲ. ಬಂದರಿನೊಳಗೆ ಜಾಗ ಸಿಗದೆ ಹಡಗು ಮೂರು ದಿನದಿಂದ ದಡಕ್ಕೆ ಎರಡು ಮೈಲಿ ದೂರದಲ್ಲಿ ಲಂಗರು ಹಾಕಿ ನಿಂತಿತ್ತು. ಅದೇ ದಡದಲ್ಲಿ ಸೌಟಣ್ಣನ ಮಗಳು ಚೂಟಿ ಇದ್ದಳು. ಇವತ್ತು ಅವಳ, ಹಲಗೆಯ ಮೇಲೆ ನಿಂತು ಮಾಡುವ ಅಲೆ ಸವಾರಿಯ ಪಂದ್ಯದ ಅಂತಿಮ ಸುತ್ತು ಎಂದು ಹೆಂಡತಿ ಫೋನಿನಲ್ಲಿ ಹೇಳಿದ್ದಳು. ಕ್ಯಾಪ್ಟನ್ನನ ಕೈಕಾಲು ಹಿಡಿದು ಐದು ಗಂಟೆ ರಜೆ ಗಿಟ್ಟಿಸಿದ್ದ. ವಾಪಸ್ಸಿನ ಲಾಂಚು ತಪ್ಪಿದರೆ ಒಲೆಯ ಮುಂದೆ ಬೇರೆಯವನು ನಿಲ್ಲುತ್ತಾನೆ ಎಂದು ಕ್ಯಾಪ್ಟನ್ ನಗುತ್ತಲೇ ಹೇಳಿದ್ದ. ಆ ಮನುಷ್ಯ ನಗುತ್ತಾ ಹೇಳಿದ್ದನ್ನು ನಗುತ್ತಲೇ ಮಾಡಿಬಿಡುತ್ತಾನೆ.

ಅಪ್ಪ ಮಗಳು ನೇರ ಮಾತಾಡಿ ಮೂರು ವರ್ಷವಾಗಿತ್ತು. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಹಲಗೆ ಹಿಡಿದು ಸಮುದ್ರಕ್ಕೆ ಇಳಿಯುತ್ತೇನೆ ಎಂದಾಗ, ನೀರಲ್ಲಿ ಆಡುವುದೂ ಒಂದು ಕೆಲಸವಾ ಎಂದು ಅವನು ಕೇಳಿದ್ದ. ನೀವೂ ನೀರಿನ ಮೇಲೇ ಇರೋದಲ್ಲವಾ ಎಂದು ಅವಳು ತಿರುಗಿಸಿ ಕೊಟ್ಟಿದ್ದಳು. ಕೋಪ ಇಬ್ಬರಿಗೂ ಮೂಗಿನ ತುದಿಯಲ್ಲೇ. ಅಲ್ಲಿಂದಾಚೆಗೆ ಏನಿದ್ದರೂ ಅಮ್ಮನ ಮೂಲಕ. ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ಅವನು ನೋಡಿರಲಿಲ್ಲ, ಶಾಲೆಯ ಬಹುಮಾನ ನೋಡಿರಲಿಲ್ಲ, ಜ್ವರದಲ್ಲಿ ಹಣೆ ಮುಟ್ಟಿರಲಿಲ್ಲ. ಇದನ್ನಾದರೂ ನೋಡಲೇಬೇಕು, ಅವಳು ಮುಖ ತಿರುಗಿಸಿದರೂ ಸರಿ, ಅಂದುಕೊಂಡು ಬಂದಿದ್ದ.

ಬೀದಿಯ ತುಂಬ ಜನ. ಅಂಗಡಿಗಳ ಮುಂದೆ ಬಾಡಿಗೆ ಹಲಗೆಗಳ ಸಾಲು, ಮೂಗಿಗೆ ಬಿಳಿ ಮುಲಾಮು ಬಳಿದುಕೊಂಡ ಮಕ್ಕಳು, ಮೆಟ್ಟಿಲು ಮೆಟ್ಟಿಲಿಗೂ ಮರಳು. ಹಲಗೆ ರಿಪೇರಿಯ ಅಂಗಡಿಯ ಹಿಂದೆ ಚೂಟಿಯ ಕೋಣೆ. ಅಂಗಡಿಯೊಳಗೆ ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ ಹಲಗೆಯೊಂದನ್ನು ಅವಳು ಉಜ್ಜುತ್ತಿದ್ದಳು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ ಪುಡಿ. ಅಂತಿಮ ಸುತ್ತಿನ ದಿನವೂ ಕೈ ಸುಮ್ಮನಿರದ ಹುಡುಗಿ. ಯಾರ ಮಗಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವಳು ನೋಡಿದಳು. ಉಜ್ಜುವ ಕಾಗದ ಕೆಳಗಿಟ್ಟಳು. ಕೈಯ ಪುಡಿಯನ್ನು ಅಂಗಿಗೆ ಒರೆಸಿಕೊಂಡಳು.

"ತಿಂಡಿ ಆಯ್ತಾ?" ಎಂದಳು.

ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಕಿಟಕಿಗೆ ಒಣಗಲು ಹಾಕಿದ ಈಜುಡುಗೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಚಹಾ ತಂದಿಟ್ಟಳು. ಸೌಟಣ್ಣ ಅಲ್ಲೇ ಇದ್ದ ಬಟ್ಟೆಯ ತುಂಡೊಂದನ್ನು ಎತ್ತಿಕೊಂಡು ನೀರಲ್ಲಿ ಅದ್ದಿ, ಹಿಂಡಿ, ಮೇಜಿನ ಮೇಲೆ ಹಾಸಿ, ತಟ್ಟೆಗಳನ್ನು ಅದರ ಮೇಲೆ ಜೋಡಿಸಿದ. ಚಹಾ ಲೋಟವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದೇ ಕೂತ. ತಟ್ಟೆ ಜಾರದಿರಲಿ ಎಂದು ಹಡಗಿನಲ್ಲಿ ದಿನಕ್ಕೆ ಮೂರು ಹೊತ್ತು ಮಾಡುವ ಕೆಲಸ ಅದು. ನೆಲ ಅಲ್ಲಾಡುವುದಿಲ್ಲ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ. ಚೂಟಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನೂ ನಕ್ಕ. ಅರ್ಧ ಮಂಜು ಅಲ್ಲೇ ಕರಗಿತು.

ಆಮೇಲೆ ಅವಳೇ ಹೇಳಿಕೊಂಡಳು. ಕಳೆದ ಎರಡು ವರ್ಷವೂ ಅಂತಿಮ ಸುತ್ತಿನಲ್ಲಿ ಸೋತಿದ್ದಳು. ಸುತ್ತು ಅರ್ಧ ಗಂಟೆಯದು. ಎಷ್ಟು ಅಲೆ ಏರಿದರೂ ಒಳ್ಳೆಯ ಎರಡು ಸವಾರಿಯ ಅಂಕ ಮಾತ್ರ ಲೆಕ್ಕಕ್ಕೆ. ಎದುರಾಳಿ ಹುಡುಗಿ ಒಂದಾದ ಮೇಲೊಂದು ಏರುತ್ತಾಳೆ, ಅದನ್ನು ನೋಡಿ ನನಗೂ ತಡೆಯುವುದಿಲ್ಲ, ಸಿಕ್ಕಿದ್ದನ್ನು ಏರಿಬಿಡುತ್ತೇನೆ, ದೊಡ್ಡದು ಬರುವ ಹೊತ್ತಿಗೆ ದಡದಲ್ಲಿರುತ್ತೇನೆ ಎಂದಳು. ಈ ಸಲವೂ ಸೋತರೆ ಮನೆಗೆ ಹಿಂತಿರುಗುವುದಾಗಿ ಅಮ್ಮನಿಗೆ ಮಾತು ಕೊಟ್ಟಿದ್ದಳು.

ಸೌಟಣ್ಣ ಎದ್ದು ಬಾಗಿಲಿಗೆ ಹೋದ. ಅಲ್ಲಿಂದ ಸಮುದ್ರವೂ ಅದರಾಚೆ ಅವನ ಹಡಗೂ ನೇರ ಕಾಣುತ್ತಿದ್ದವು. ಬಹಳ ಹೊತ್ತು ನಿಂತು ನೋಡಿದ. ಹಡಗಿನ ಕಂಬ ಇದ್ದಕ್ಕಿದ್ದಂತೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಕೈಗಡಿಯಾರ ನೋಡಿಕೊಂಡ. ಐದು ನಿಮಿಷದ ಮೇಲೆ ದಡದ ಹತ್ತಿರ ಆಳೆತ್ತರದ ಅಲೆಗಳು ಎದ್ದವು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕಂಬ ವಾಲಿತು. ಮತ್ತೆ ಐದು ನಿಮಿಷ, ಮತ್ತೆ ಅಲೆ.

ಮೂರು ದಿನದಿಂದ ಅವನ ಅಡುಗೆಮನೆಯಲ್ಲಿ ಇದೇ ಗೋಳು. ಇಪ್ಪತ್ತು ನಿಮಿಷ ಎಲ್ಲ ತಣ್ಣಗಿರುತ್ತದೆ, ಆಮೇಲೆ ತೂಗುಹಾಕಿದ ಸೌಟುಗಳೆಲ್ಲ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಮೊದಲನೆಯ ಹೊರಳಿಗೆ ಹಂಡೆ ಅಲ್ಲಾಡುತ್ತದೆ, ಎರಡನೆಯದಕ್ಕೆ ಜಾರುತ್ತದೆ, ಮೂರನೆಯದಕ್ಕೆ ಹಿಡಿಯದಿದ್ದರೆ ಮಗುಚುತ್ತದೆ. ಹಡಗಿನ ಅಡುಗೆಯವರೆಲ್ಲ ಮೂರನೆಯದಕ್ಕೇ ಕಾಯುವುದು. ಹಡಗನ್ನು ಹೊರಳಿಸಿದ ಅಲೆಗಳೇ ಐದು ನಿಮಿಷ ಬಿಟ್ಟು ಇಲ್ಲಿಗೆ ಬರುತ್ತಿದ್ದವು. ಇದನ್ನು ಮಗಳಿಗೆ ಹೇಳಿದ.

ಅವಳಿಗೆ ನಂಬಿಕೆ ಬರಲಿಲ್ಲ. ಇಲ್ಲಿ ಇಪ್ಪತ್ತು ವರ್ಷದಿಂದ ಅಲೆ ಏರುವವರಿದ್ದಾರೆ, ಯಾರೂ ಹೀಗೆ ಹೇಳಿಲ್ಲ ಎಂದಳು.

"ಅವ್ರ್ಯಾರೂ ಆ ಹಡಗಲ್ಲಿ ಹಂಡೆ ಹಿಡ್ದಿಲ್ಲ, ಪುಟ್ಟಿ. ನೀನು ನೀರಲ್ಲಿ ಕೂತ್ರೆ ನಿಂಗೆ ಕಂಬ ಕಾಣಲ್ಲ, ನಂಗೆ ದಡದಿಂದ ಕಾಣತ್ತೆ. ನನ್ನ ಟೋಪಿ ತಲೆ ಮೇಲಿರೋ ತನಕ ಕಾಯಿ. ಟೋಪಿ ತೆಗ್ದೆ ಅಂದ್ರೆ ಬರ್ತಿದೆ ಅಂತ. ಮೊದಲ್ನೇದು ಬಿಡು, ಎರಡ್ನೇದೂ ಬಿಡು. ಮೂರ್ನೇದು ನಿಂದು."

ಅವಳು ಗಡಿಯಾರ ನೋಡಿದಳು. ಹಲಗೆ ಎತ್ತಿಕೊಂಡು ಹೊರಟಳು.

ಎರಡೂಕಾಲಿಗೆ ಸುತ್ತು ಶುರುವಾಯಿತು. ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೌಟಣ್ಣ ಜೀವರಕ್ಷಕರ ಏಣಿಯ ಪಕ್ಕದ ದಿಬ್ಬವೊಂದನ್ನು ಹಿಡಿದು ನಿಂತಿದ್ದ. ಮೊದಲ ಐದು ನಿಮಿಷದಲ್ಲೇ ಚೂಟಿ ಒಂದು ಸಾಧಾರಣ ಅಲೆ ಏರಿದಳು. ಇವಳು ನನ್ನ ಮಾತು ಕೇಳುವುದಿಲ್ಲ ಎಂದುಕೊಂಡ. ಆದರೆ ಈಜಿಕೊಂಡು ವಾಪಸ್ಸು ಹೋದವಳು ಹಲಗೆಯ ಮೇಲೆ ಕೂತು ದಡದ ಕಡೆ ತಿರುಗಿದಳು. ಅಷ್ಟು ದೂರದಿಂದಲೂ ತನ್ನನ್ನೇ ಹುಡುಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಟೋಪಿಯನ್ನು ಎರಡೂ ಕೈಯಲ್ಲಿ ತಲೆಗೆ ಒತ್ತಿ ಹಿಡಿದ.

ಎದುರಾಳಿ ಒಂದು ಏರಿದಳು, ಇನ್ನೊಂದು ಏರಿದಳು. ಜನ ಚಪ್ಪಾಳೆ ತಟ್ಟಿದರು. ಚೂಟಿಯ ಪಕ್ಕದಲ್ಲೇ ಚೆಂದದ ಅಲೆಯೊಂದು ಹಾದು ಹೋಯಿತು, ಅವಳು ಕದಲಲಿಲ್ಲ. ಮತ್ತೊಂದು ಹೋಯಿತು. ಈ ಹುಡುಗಿ ಹೆದರಿಬಿಟ್ಟಿದ್ದಾಳೆ ಎಂದು ಪಕ್ಕದವನು ಹೇಳಿದ. ಸೌಟಣ್ಣನಿಗೆ ಅವನ ಬಾಯಿಗೆ ಹಿಟ್ಟು ತುರುಕಬೇಕೆನಿಸಿತು.

ಇಪ್ಪತ್ತು ನಿಮಿಷ ಕಳೆಯಿತು. ಕಂಬ ಗೂಟ ಹೊಡೆದ ಹಾಗೆ ನಿಂತಿತ್ತು. ಮೂರು ದಿನ ಹಂಡೆ ಮಗುಚಿದ ಸಮುದ್ರಕ್ಕೆ ಇವತ್ತೇ ಒಳ್ಳೆಯ ಬುದ್ಧಿ ಬರಬೇಕೇ! ತಾಳಿದವನು ಬಾಳಿಯಾನು ಎಂದು ದೊಡ್ಡವರು ಹೇಳಿದ್ದೇನೋ ಸರಿ, ಆದರೆ ತಾಳು ಎಂದು ಹೇಳಿದವನ ಪಾಡು ಯಾರಿಗೂ ಬೇಡ. ವರ್ಷಗಟ್ಟಲೆ ದೂರವಿದ್ದವನು ಒಂದು ದಿನ ಬಂದು ಮಗಳ ಬದುಕಿಗೆ ಕೈ ಹಾಕಿ ಕೆಡಿಸಿದೆನೇ ಎಂದು ಬೆವರಿದ. ಎರಡು ಸಲ ಟೋಪಿ ತೆಗೆದೇಬಿಡೋಣ ಅನಿಸಿತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಇಪ್ಪತ್ತೆರಡನೇ ನಿಮಿಷಕ್ಕೆ ಕಂಬ ವಾಲಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಇನ್ನೇನು ನೀರು ಮುಟ್ಟುವ ಹಾಗೆ.

ಸೌಟಣ್ಣ ಟೋಪಿ ಕಿತ್ತು ತಲೆಯ ಮೇಲೆ ತಿರುಗಿಸಿದ. ಚೂಟಿ ಹಲಗೆಯ ಮೇಲೆ ಬೋರಲು ಮಲಗಿ ಸಮುದ್ರದ ಒಳಕ್ಕೆ, ಇನ್ನೂ ಒಳಕ್ಕೆ ಈಜಿದಳು. ಇವಳಿಗೇನು ತಲೆ ಕೆಟ್ಟಿತೇ ಎಂದು ಜನ ಗುಜುಗುಜು ಮಾಡಿದರು. ಅಲ್ಲಿ ಅಲೆಯೇ ಇರಲಿಲ್ಲ. ಎದುರಾಳಿ ಆಗ ತಾನೇ ಸಣ್ಣದೊಂದನ್ನು ಏರಿ ದಡದ ಹತ್ತಿರ ಇಳಿದಿದ್ದಳು.

ಮೂರು ನಿಮಿಷ ಉಳಿದಿದ್ದಾಗ ಮೊದಲನೆಯದು ಎದ್ದಿತು. ದೊಡ್ಡದು. ಚೂಟಿ ಬಿಟ್ಟಳು. ದಡದವರೆಲ್ಲ ಅಯ್ಯೋ ಎಂದರು. ಎರಡನೆಯದು ಅದಕ್ಕಿಂತ ದೊಡ್ಡದು. ಅದನ್ನೂ ಬಿಟ್ಟಳು. ಸೌಟಣ್ಣನಿಗೆ ಕಣ್ಣು ಮುಚ್ಚಿಕೊಳ್ಳುವ ಆಸೆಯಾಯಿತು, ಮುಚ್ಚಲಿಲ್ಲ. ನೋಡಲೆಂದೇ ಬಂದವನು ಅವನು.

ಮೂರನೆಯದು ಎದ್ದಾಗ ಹಿಂದಿನ ಹಡಗೇ ಮರೆಯಾಯಿತು. ಚೂಟಿ ನಾಲ್ಕು ಸಲ ಕೈಯಿಂದ ನೀರು ತಳ್ಳಿದಳು, ಹಲಗೆಯ ಮೇಲೆ ಎದ್ದು ನಿಂತಳು. ಅಲೆಯ ತುದಿಯಿಂದ ಬುಡಕ್ಕೆ ಜಾರಿ, ತಿರುಗಿ, ಮತ್ತೆ ತುದಿಗೇರಿ, ಮತ್ತೆ ಜಾರಿದಳು. ಮೊಣಕಾಲು ಬಗ್ಗಿಸಿ, ಪಾದ ಅಗಲಿಸಿ, ಸೊಂಟದಿಂದ ಮೇಲೆ ಏನೂ ಆಗಿಲ್ಲವೆಂಬಂತೆ ನಿಂತಿದ್ದಳು. ತುಂಬಿದ ಹಂಡೆ ಹಿಡಿದು ಹಡಗಿನಲ್ಲಿ ಅಪ್ಪ ಇಪ್ಪತ್ತಾರು ವರ್ಷ ನಿಂತದ್ದೂ ಹಾಗೆಯೇ. ಯಾರೂ ಅವಳಿಗೆ ಅದನ್ನು ಕಲಿಸಿರಲಿಲ್ಲ. ಸೌಟಣ್ಣ ಗಟ್ಟಿಯಾಗಿ ಅತ್ತುಬಿಟ್ಟ, ನಾಚಿಕೆಪಡಲಿಲ್ಲ.

ಅವಳು ದಡ ಮುಟ್ಟುವ ಮೊದಲೇ ಗಂಟೆ ಮೂರಕ್ಕೆ ಹತ್ತು ನಿಮಿಷವಾಗಿತ್ತು. ಜನ ಅವಳನ್ನು ಹೆಗಲಿಗೇರಿಸಿಕೊಳ್ಳಲು ನೀರಿಗೆ ನುಗ್ಗಿದ್ದರು. ಆ ಗುಂಪನ್ನು ಸೀಳಿಕೊಂಡು ಹೋಗುವಷ್ಟು ಹೊತ್ತಿರಲಿಲ್ಲ. ಅವನು ಟೋಪಿ ಎತ್ತಿ ತೋರಿಸಿದ, ಅವಳು ಕೈ ಎತ್ತಿದಳು. ಅಷ್ಟೇ. ವಾಲಾಡುತ್ತಲೇ ಓಡಿದ. ಬಡಗಿ ಹಗ್ಗ ಬಿಚ್ಚುವ ಹೊತ್ತಿಗೆ ಲಾಂಚಿನೊಳಗೆ ದೊಪ್ಪೆಂದು ಬಿದ್ದ.

ಕಟ್ಟೆ ಬಿಟ್ಟು ನೂರು ಗಜ ಹೋಗಿದ್ದರು. ಗೆದ್ದವಳು ಚೂಟಿ ಎಂದು ದಡದ ಧ್ವನಿವರ್ಧಕ ಕೂಗಿತು. ಲಾಂಚಿನವರೆಲ್ಲ ಸೌಟಣ್ಣನ ಬೆನ್ನು ಗುದ್ದಿದರು. ಈ ಸಲ ಅಷ್ಟು ತಾಳ್ಮೆ ಕಲಿಸಿದ ಗುರು ಯಾರೆಂದು ಧ್ವನಿವರ್ಧಕ ಗೆದ್ದವಳನ್ನು ಕೇಳಿತು. ಆಮೇಲೆ ನೀರಿನ ಮೇಲೆ ಚೂಟಿಯ ದನಿ ಬಂತು, ಏದುಸಿರು ಬಿಡುತ್ತಾ.

"ನಮ್ಮಪ್ಪ. ಹಡಗಲ್ಲಿ ಅಡುಗೆ ಮಾಡ್ತಾರೆ. ಅಗೋ, ಆ ಲಾಂಚಲ್ಲಿ ಹೋಗ್ತಿದಾರೆ. ಎಲ್ರೂ ಒಂದ್ಸಲ ಆ ಕಡೆ ತಿರುಗಿ ಚಪ್ಪಾಳೆ ತಟ್ಟಿ."

ಇಡೀ ದಡ ತಿರುಗಿತು. ಸಾವಿರ ಕೈಗಳ ಸದ್ದು ನೀರಿನ ಮೇಲೆ ಬಂತು. ಕೂತ್ಕೊಳ್ಳಿ ಅಣ್ಣ, ಬೀಳ್ತೀರಿ ಎಂದು ಬಡಗಿ ಅಂಗಿ ಹಿಡಿದು ಎಳೆದ. ಸೌಟಣ್ಣ ಕೂರಲಿಲ್ಲ. ಅಲೆಯ ಮೇಲೆ ಏರಿ ಇಳಿಯುವ ಲಾಂಚಿನ ನಡುವೆ, ಯಾವುದನ್ನೂ ಹಿಡಿದುಕೊಳ್ಳದೆ, ದಡ ಕಣ್ಣಿಗೆ ಕಾಣುವಷ್ಟು ಹೊತ್ತೂ ನಿಂತೇ ಇದ್ದ.